ಗುಬ್ಬಿಗೂ ಗೋಬಿಗೂ ಏನು ನಂಟು?

ಬೆಂಗಳೂರಿನಿಂದ ಹಾಸನದ ದಾರಿ ಹಿಡಿದವರಿಗೆ ಸುಮಾರು 70 ಕಿಲೋಮೀಟರ್ ಆಗುವಷ್ಟರಲ್ಲಿ ಕುಣಿಗಲ್ ಸಿಗುತ್ತದೆ. ಕುಣಿಗಲ್ ಎಂದರೆ ಮೊದಲು ಕೆರೆ, ಆಮೇಲೆ ಕುದುರೆ. ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ಕುದುರೆ ಫಾರಂ ಒಂದು ಕಡೆ. ಜಾನಪದ ಗೀತೆಯ ಮೂಲಕ ಇಡೀ ಕರ್ನಾಟಕದ ಬಾಯಲ್ಲಿರುವ ದೊಡ್ಡಕೆರೆ ಇನ್ನೊಂದು ಕಡೆ. ಮಳೆ ಕೈಕೊಡದ ವರ್ಷದಲ್ಲಿ ಬೆಳಗ್ಗೆ ಏರಿಯ ಮೇಲೆ ನಿಂತರೆ ನೀರಿನ ಮೇಲೆ ಸೂರ್ಯ ಕುಣಿಯುತ್ತಿರುತ್ತಾನೆ. ಇಲ್ಲಿಂದ ಹೆಬ್ಬೂರು, ನಾಗವಲ್ಲಿ, ಗೂಳೂರು ದಾಟಿ ತುಮಕೂರಿಗೆ ಸುಮಾರು 35 ಕಿಲೋಮೀಟರ್. ತುಮಕೂರಿನಿಂದ ಹೆಗ್ಗೆರೆ, ಮಲ್ಲಸಂದ್ರದ ಮೇಲೆ ಗುಬ್ಬಿಗೆ ಇನ್ನೊಂದು 20. ಮೂರು ತಾಲ್ಲೂಕು ಕೇಂದ್ರಗಳು, ಎರಡು ಬಸ್ಸು, ಅರ್ಧ ದಿನದ ಪ್ರಯಾಣ. ಆದರೆ ಈ ಮೂರು ಊರುಗಳ ಹೆಸರಿನ ಹಿಂದೆ ಹೊರಟರೆ ಪ್ರಯಾಣ ಅಷ್ಟು ಬೇಗ ಮುಗಿಯುವುದಿಲ್ಲ.

ಈ ಬಸ್ಸಿನಲ್ಲಿ ಕಿಟಕಿಯ ಪಕ್ಕ ಒಬ್ಬ ಕಲ್ಪನೆಯ ಪ್ರಯಾಣಿಕನನ್ನು ಕೂರಿಸೋಣ. ಆತ 1936ರ ಇಸ್ತಾಂಬುಲ್‌ನಿಂದ ಬಂದ ತುರ್ಕಿ ಪಂಡಿತ. ಆ ವರ್ಷವನ್ನೇ ಆರಿಸಲು ಕಾರಣವಿದೆ. 1936ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನ ದೋಲ್ಮಾಬಾಚೆ ಅರಮನೆಯಲ್ಲಿ ಮೂರನೆಯ ತುರ್ಕಿ ಭಾಷಾ ಸಮ್ಮೇಳನ ನಡೆಯಿತು. ಅಲ್ಲಿ ಮಂಡಿತವಾದದ್ದು ‘ಸೂರ್ಯ ಭಾಷಾ ಸಿದ್ಧಾಂತ’. ಆದಿಮಾನವ ಸೂರ್ಯನನ್ನು ಕಂಡು ಬೆರಗಿನಿಂದ ಹೊರಡಿಸಿದ ‘ಆ’ ಎಂಬ ಉದ್ಗಾರದಿಂದಲೇ ಮಾತು ಹುಟ್ಟಿತು, ಆ ಮೊದಲ ಮಾತು ತುರ್ಕಿ ಭಾಷೆಯ ಬೇರು, ಆದ್ದರಿಂದ ಜಗತ್ತಿನ ಎಲ್ಲ ಭಾಷೆಗಳ ತಾಯಿಬೇರು ತುರ್ಕಿಯಲ್ಲಿದೆ ಎಂಬುದು ಅದರ ಸಾರ. ಮುಸ್ತಫಾ ಕೆಮಾಲ್ ಅತಾತುರ್ಕ್ ಅವರೇ ಅದಕ್ಕೆ ಬೆಂಬಲವಾಗಿ ನಿಂತಿದ್ದರು. ಸುಮೇರಿಯನ್ನರು, ಹಿಟ್ಟೈಟರು, ಇಟಲಿಯ ಎಟ್ರುಸ್ಕನ್ನರು ಎಲ್ಲರೂ ಮೂಲದಲ್ಲಿ ತುರ್ಕರೇ ಎಂದು ಆ ದಶಕದಲ್ಲಿ ಬರೆಯಲಾಯಿತು. ಸರ್ಕಾರ 1933ರಲ್ಲಿ ತೆರೆದ ಬ್ಯಾಂಕಿಗೆ ಸುಮೇರ್ ಬ್ಯಾಂಕ್ ಎಂದೂ 1935ರಲ್ಲಿ ತೆರೆದದ್ದಕ್ಕೆ ಹಿಟ್ಟೈಟರ ನೆನಪಿನಲ್ಲಿ ಏತಿ ಬ್ಯಾಂಕ್ ಎಂದೂ ಹೆಸರಿಟ್ಟಿತು. ಸಿದ್ಧಾಂತದ ಉತ್ಸಾಹಿಗಳು ಅಮೆಜಾನ್ ನದಿಯ ಹೆಸರನ್ನು ‘ಅಮ್ಮಾ ಉಜುನ್’, ಅಂದರೆ ‘ಅಬ್ಬಾ, ಎಷ್ಟು ಉದ್ದ’ ಎಂಬ ತುರ್ಕಿ ಮಾತಿನಿಂದಲೂ, ನಯಾಗರಾವನ್ನು ‘ನೆ ಯಾಯ್ಗರಾ’, ಅಂದರೆ ‘ಏನು ಗದ್ದಲ’ ಎಂಬುದರಿಂದಲೂ ಬಿಡಿಸುತ್ತಿದ್ದರೆಂದು ಇಂದಿಗೂ ಹೇಳಿಕೊಂಡು ನಗುತ್ತಾರೆ. 1938ರಲ್ಲಿ ಅತಾತುರ್ಕ್ ತೀರಿಕೊಂಡ ಮೇಲೆ ಸಿದ್ಧಾಂತವೂ ಸದ್ದಿಲ್ಲದೆ ಮೂಲೆ ಸೇರಿತು.

ಇಂಥ ಪಂಡಿತ ಕುಣಿಗಲ್ ಕೆರೆಯ ಏರಿಯ ಮೇಲೆ ಇಳಿದರೆ ಏನಾದೀತು? ಹಳೆಯ ತುರ್ಕಿಯಲ್ಲಿ ‘ಕ್ಯುನ್’ ಎಂದರೆ ಸೂರ್ಯ. ‘ಕ್ಯೋಲ್’ ಎಂದರೆ ಕೆರೆ, ಸರೋವರ. ಕಿರ್ಗಿಸ್ತಾನದ ಹೆಸರಾಂತ ಇಸಿಕ್ ಕುಲ್ ಎಂಬುದರಲ್ಲಿರುವ ‘ಕುಲ್’ ಇದೇ ಪದ. ಆ ಹೆಸರಿಗೆ ಬೆಚ್ಚನೆಯ ಸರೋವರ ಎಂದರ್ಥ. ಹಾಗಾದರೆ ಕ್ಯುನ್-ಕ್ಯೋಲ್, ಅಂದರೆ ಸೂರ್ಯಸರೋವರವೇ ಕುಣಿಗಲ್! ಕಣ್ಣ ಮುಂದೆಯೇ ನೀರಿದೆ, ನೀರಿನಲ್ಲಿ ಸೂರ್ಯನಿದ್ದಾನೆ. ಸೂರ್ಯ ಭಾಷಾ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಪಕ್ಕದ ಫಾರಂನ ಕುದುರೆಯನ್ನೂ ಪಂಡಿತ ಬಿಡುವುದಿಲ್ಲ. ಹಳೆಯ ತುರ್ಕಿಯ ‘ಕ್ಯೋತುರ್’ ಎಂದರೆ ಎತ್ತು, ಹೊರು. ಹೊರುವ ಪ್ರಾಣಿಯೇ ಕುದುರೆ!

ಬಸ್ಸು ತುಮಕೂರಿಗೆ ಬರುತ್ತದೆ. ತುರ್ಕಿಯಲ್ಲಿ ‘ತ್ಯುಮೆನ್’ ಎಂದರೆ ಹತ್ತು ಸಾವಿರ, ಹತ್ತು ಸಾವಿರ ಸೈನಿಕರ ದಂಡು. ‘ಕುರ್’ ಎಂದರೆ ಹೂಡು, ಸ್ಥಾಪಿಸು. ಹತ್ತು ಸಾವಿರ ಜನರ ದಂಡು ಬೀಡುಬಿಟ್ಟ ಜಾಗವೇ ತುಮಕೂರು. ಇದನ್ನು ಕೇಳಿ ನಮ್ಮ ಇತಿಹಾಸ ಬಲ್ಲವರೂ ಒಂದು ಗಳಿಗೆ ತಲೆದೂಗಬಹುದು. ಏಕೆಂದರೆ ಗಂಗವಾಡಿ 96,000, ನೊಳಂಬವಾಡಿ 32,000, ಬನವಾಸಿ 12,000 ಎಂದು ನಾಡುಗಳ ಹೆಸರಿಗೆ ಸಂಖ್ಯೆ ಅಂಟಿಸುವ ರೂಢಿ ಈ ನಾಡಿನಲ್ಲಿ ಇದ್ದೇ ಇತ್ತು. ಇನ್ನು ಗುಬ್ಬಿಯಂತೂ ಸುಲಿದ ಬಾಳೆಹಣ್ಣು. ಗೋಬಿ ಮರುಭೂಮಿ! ಗೋಬಿ ಮಂಗೋಲಿಯನ್ ಪದವೇ ಹೊರತು ತುರ್ಕಿಯದಲ್ಲ ಎಂದು ಯಾರಾದರೂ ತಡೆದರೆ, ಎರಡೂ ಒಂದೇ ಮನೆತನ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದೇ ದಾರಿಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ, ತುಮಕೂರಿನ ಸಂಜೆಯ ತಳ್ಳುಗಾಡಿಗಳಲ್ಲಿ ಬಾಣಲೆಯಿಂದ ಏಳುವ ಗೋಬಿ ಮಂಚೂರಿಯೂ ಗೋಬಿ ಮರುಭೂಮಿಯಿಂದ ಮಂಚೂರಿಯಾದ ಮೇಲೆ ಹಾಯ್ದು ಬಂತೆಂದು ಸಾಧಿಸಬಹುದು. ಅದು ಹೂಕೋಸಿನ ಹಿಂದಿ ಹೆಸರಿಗೆ, 1970ರ ದಶಕದಲ್ಲಿ ಮುಂಬಯಿಯ ಚೀನೀ ಮೂಲದ ಬಾಣಸಿಗರೊಬ್ಬರು ಕೋಳಿಮಾಂಸದ ತಿನಿಸಿಗೆ ಇಟ್ಟ ಹೆಸರು ಅಂಟಿ ಆದದ್ದೆಂಬುದು ಬೇರೆ ಮಾತು.

ಮೂರಕ್ಕೆ ಮೂರೂ ಹೆಸರು ತುರ್ಕಿಯಾಯಿತು. ಬಳಸಿದ ಪದಗಳೆಲ್ಲ ನಿಜವಾದ ಪದಗಳು, ಅರ್ಥವೂ ನಿಜ. ಆದರೂ ತೀರ್ಮಾನ ಶುದ್ಧ ಸುಳ್ಳು. ಇದು ಹೇಗೆ?

ಒಂದು ಸಣ್ಣ ಲೆಕ್ಕ ಸಾಕು. ಪಂಡಿತ ಸ್ವರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ-ಗ ಒಂದೇ, ಪ-ಬ ಒಂದೇ, ಟ-ಡ-ತ-ದ ಒಂದೇ, ನ-ಣ ಒಂದೇ ಎನ್ನುತ್ತಾನೆ. ಹೀಗೆ ಗುಂಪು ಮಾಡಿದರೆ ವ್ಯಂಜನಗಳು ಸುಮಾರು ಹತ್ತು ಬಗೆಗೆ ಇಳಿಯುತ್ತವೆ. ಎರಡು ವ್ಯಂಜನದ ಚೌಕಟ್ಟುಗಳು ಆಗ ಹತ್ತು ಹತ್ತಲೆ ನೂರು ಮಾತ್ರ. ಒಂದು ಭಾಷೆಯಲ್ಲಿ ಎರಡು ಸಾವಿರ ಚಿಕ್ಕ ಪದಗಳಿವೆ ಎಂದಿಟ್ಟುಕೊಂಡರೂ ಒಂದೊಂದು ಚೌಕಟ್ಟಿಗೆ ಸರಾಸರಿ ಇಪ್ಪತ್ತು ಪದ ಸಿಗುತ್ತವೆ. ಆ ಇಪ್ಪತ್ತರಲ್ಲಿ ಊರಿನಲ್ಲಿ ಕೆರೆ ಕಂಡರೆ ಕೆರೆ, ಬಂಡೆ ಕಂಡರೆ ಬಂಡೆ, ಏನೂ ಕಾಣದಿದ್ದರೆ ದಂಡು. ಹೊಂದಿಕೆಯಾಗದಿದ್ದರೇ ಆಶ್ಚರ್ಯ! ತುರ್ಕಿಯ ಬದಲು ಜಪಾನೀ ನಿಘಂಟನ್ನೋ ಸ್ವಾಹಿಲಿ ನಿಘಂಟನ್ನೋ ಕೈಯಲ್ಲಿ ಹಿಡಿದರೂ ಈ ಆಟ ಆಡಬಹುದು.

ಹಾಗಾದರೆ ಊರ ಹೆಸರನ್ನು ಅಳೆಯುವ ಕೋಲು ಯಾವುದು? ಮೊದಲನೆಯದು ಕಲ್ಲಿನ ಮಾತು. ಇಂದಿನ ಉಚ್ಚಾರವನ್ನಲ್ಲ, ಸಿಕ್ಕ ಅತ್ಯಂತ ಹಳೆಯ ರೂಪವನ್ನು ಹಿಡಿಯಬೇಕು. ಬೆಂಗಳೂರಿನ ಉದಾಹರಣೆ ಎಲ್ಲರಿಗೂ ಗೊತ್ತು. ಹಸಿದ ಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಎಂಬ ಕತೆಯನ್ನು ತಲೆಮಾರುಗಳಿಂದ ಹೇಳಿದ್ದೇವೆ. ಆದರೆ ಬೇಗೂರಿನಲ್ಲಿ ಸುಮಾರು 890ರ ಒಂದು ವೀರಗಲ್ಲು ‘ಬೆಂಗಳೂರು ಕಾಳಗ’ವನ್ನು ಹೆಸರಿಸುತ್ತದೆ. ಆಗ ಹೊಯ್ಸಳರು ಅರಸರಾಗಿಯೇ ಇರಲಿಲ್ಲ. ಕಾಳು ಬೇಯುವ ಮೊದಲೇ ಊರಿಗೆ ಹೆಸರಿತ್ತು.

ತುಮಕೂರು ಜಿಲ್ಲೆಗೆ ಸಂಬಂಧಿಸಿದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಹಳೆಯ ಶಾಸನಗಳಲ್ಲಿ ಕುಣಿಗಲ್‌ಗೆ ‘ಕುನುಂಗಿಲ್’ ಎಂಬ ರೂಪ ಕಾಣುತ್ತದೆ. ಗಂಗರ ಕಾಲದಲ್ಲಿ ಅದೊಂದು ನಾಡಿನ ಹೆಸರೂ ಹೌದು. ಈ ಒಂದು ರೂಪ ಎದುರಿಗೆ ಬಂದ ಕೂಡಲೇ ಪಂಡಿತನ ‘ಕ್ಯೋಲ್’ ಕೆರೆಗೆ ಬೀಳುತ್ತದೆ. ಕೊನೆಯಲ್ಲಿರುವುದು ‘ಗಲ್’ ಅಲ್ಲ, ‘ಗಿಲ್’.

ಆದರೆ ಅದೇ ಏಟು ನಮ್ಮ ಮೇಲೂ ಬೀಳುತ್ತದೆ ಎಂಬುದನ್ನು ಮರೆಯುವಂತಿಲ್ಲ. ಶಿವ ಇಲ್ಲಿನ ಕಲ್ಲಿನ ಮೇಲೆ ಕುಣಿದ, ಆದ್ದರಿಂದ ‘ಕುಣಿ ಕಲ್ಲು’, ಅದೇ ಕುಣಿಗಲ್ ಎಂದು ಊರಿನ ಕತೆ. ಗೆಜೆಟಿಯರುಗಳಲ್ಲೂ ಇದು ಸೇರಿಕೊಂಡಿದೆ. ಕುನುಂಗಿಲ್ ಎಂಬುದರಲ್ಲಿ ಕುಣಿತವೂ ಸ್ಪಷ್ಟವಿಲ್ಲ, ಕಲ್ಲೂ ಸ್ಪಷ್ಟವಿಲ್ಲ. ಹೆಸರಿನ ಮೊದಲ ರೂಪ ಜನಕ್ಕೆ ಅರ್ಥವಾಗದೇ ಹೋದಾಗ, ಅರ್ಥವಾಗುವ ಎರಡು ಪದಗಳ ಕಡೆಗೆ ನಾಲಗೆ ತಾನಾಗಿ ಹೊರಳುತ್ತದೆ. ಆಮೇಲೆ ಆ ಎರಡು ಪದಗಳಿಗೆ ತಕ್ಕ ಕತೆ ಹುಟ್ಟುತ್ತದೆ. ಅಷ್ಟಕ್ಕೂ ಕನ್ನಡದಲ್ಲಿ ‘ಕುಣಿ’ ಎಂದರೆ ನರ್ತಿಸು ಮಾತ್ರವಲ್ಲ, ಗುಂಡಿ ಎಂದೂ ಅರ್ಥ. ಇಷ್ಟು ದೊಡ್ಡ ಕೆರೆಯಿರುವ ಊರಿನಲ್ಲಿ ಗುಂಡಿಯನ್ನು ಬಿಟ್ಟು ನಾಟ್ಯವನ್ನೇ ಏಕೆ ಹಿಡಿದರೋ! ಗುಂಡಿಗೆ ಪುರಾಣದ ಬೆಂಬಲ ಸಿಗುವುದಿಲ್ಲವಲ್ಲ.

ಕೊನೆಯ ‘ಇಲ್’ ಮನೆ, ಎಡೆ ಎಂಬರ್ಥದ ಹಳೆಯ ದ್ರಾವಿಡ ಪದವಿರಬಹುದೇ ಎಂದು ಕೇಳಿದ ಕೂಡಲೇ ಪಂಡಿತ ಮತ್ತೆ ಎದ್ದು ನಿಲ್ಲುತ್ತಾನೆ. ತುರ್ಕಿಯಲ್ಲೂ ‘ಇಲ್’ ಇದೆ, ಅದಕ್ಕೆ ನಾಡು, ಪ್ರಾಂತ್ಯ ಎಂದು ಅರ್ಥ! ಇವತ್ತಿಗೂ ತುರ್ಕಿ ದೇಶದ ಜಿಲ್ಲೆಯಂಥ ವಿಭಾಗಗಳಿಗೆ ‘ಇಲ್’ ಎಂದೇ ಹೆಸರು. ಶಾಸನದ ಕುನುಂಗಿಲ್ ನಾಡು ಅವನ ಪಾಲಿಗೆ ವರವೇ ಆಗುತ್ತದೆ. ಇಲ್ಲಿ ಎರಡನೆಯ ಕೋಲು ಬೇಕಾಗುತ್ತದೆ, ಅದು ಕಾಲದ್ದು. ತುರ್ಕಿ ಬುಡಕಟ್ಟುಗಳು ‘ತುರ್ಕ್’ ಎಂಬ ಹೆಸರಿನಿಂದ ರಾಜ್ಯ ಕಟ್ಟಿದ್ದು 552ರಲ್ಲಿ, ಮಂಗೋಲಿಯಾದ ಹುಲ್ಲುಗಾವಲಿನಲ್ಲಿ. ಅವರ ಭಾಷೆಯ ಹೆಸರಾಂತ ಹಳೆಯ ಬರಹಗಳು ಓರ್ಖೋನ್ ನದಿಯ ಬಳಿಯ ಶಿಲಾಸ್ತಂಭಗಳು, 732 ಮತ್ತು 735ರವು. ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ 1893ರಲ್ಲಿ ಅವುಗಳ ಲಿಪಿಯನ್ನು ಬಿಡಿಸಿದರು. ಆ ಹೊತ್ತಿಗೆ ನಮ್ಮ ಹಲ್ಮಿಡಿ ಶಾಸನಕ್ಕೆ, ಸುಮಾರು 450ರದೆಂದು ಹಿಡಿದರೆ, ಮುನ್ನೂರು ವರ್ಷದ ಹತ್ತಿರ ವಯಸ್ಸಾಗಿತ್ತು. ದೆಹಲಿಯ ಸುಲ್ತಾನರ ಸೇನೆ ಮಲ್ಲಿಕ್ ಕಾಫರನ ನಾಯಕತ್ವದಲ್ಲಿ ದ್ವಾರಸಮುದ್ರವನ್ನು ಮುಟ್ಟಿದ್ದು 1311ರಲ್ಲಿ; ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಗಂಗರ ರಾಜ್ಯವಂತೂ ಹನ್ನೊಂದನೆಯ ಶತಮಾನದ ಆರಂಭಕ್ಕೇ ಚೋಳರ ಕೈಯಲ್ಲಿ ಮುಗಿದುಹೋಗಿತ್ತು. ಹೆಸರಿಡುವವರು ಬರುವ ಮುನ್ನೂರು ವರ್ಷ ಮೊದಲೇ ಹೆಸರು ಇದ್ದರೆ ಆ ಹೆಸರು ಅವರದಲ್ಲ.

ಮೂರನೆಯ ಕೋಲನ್ನು ಹುಡುಕಲು ಗ್ರಂಥಾಲಯಕ್ಕೂ ಹೋಗಬೇಕಿಲ್ಲ. ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಕುಣಿಗಲ್ ಬಿಟ್ಟ ಮೇಲೆ ಬರುವ ಹೆಬ್ಬೂರು ‘ಹಿರಿದು’ ಮತ್ತು ‘ಊರು’ ಕೂಡಿ ಆದದ್ದು. ತುಮಕೂರು ದಾಟಿದ ಮೇಲೆ ಬರುವ ಹೆಗ್ಗೆರೆ ‘ಹಿರಿದು’ ಮತ್ತು ‘ಕೆರೆ’. ಹೆಬ್ಬಾಗಿಲು, ಹೆಬ್ಬೆರಳು, ಹೆಬ್ಬಾವು, ಹೆದ್ದಾರಿ, ಹೆಗ್ಗಡೆ ಎಲ್ಲವೂ ಇದೇ ಅಚ್ಚಿನವು. ಪ್ರಯೋಗಶಾಲೆಯಲ್ಲಿ ಒಂದೇ ದ್ರಾವಣ ಹತ್ತು ಸಲ ಒಂದೇ ಬಣ್ಣ ತಾಳಿದರೆ ಅದನ್ನು ನಿಯಮ ಎನ್ನುತ್ತೇವೆ. ಹಾಗೆಯೇ ಮಲ್ಲಸಂದ್ರ. ತುಮಕೂರಿನ ಈಚೆ ಬದಿಗೆ, ತಟ್ಟೆ ಇಡ್ಲಿಯಿಂದ ಹೆಸರಾದ ಕ್ಯಾತಸಂದ್ರ. ಈ ‘ಸಂದ್ರ’ ಎಲ್ಲವೂ ‘ಸಮುದ್ರ’ ಸವೆದು ಆದವು; ಕಟ್ಟಿಸಿದ ಕೆರೆಗೆ ಗೌರವದಿಂದ ಸಮುದ್ರ ಎನ್ನುತ್ತಿದ್ದರು. ಸಂದ್ರ ಇರುವ ಕಡೆ ಕೆರೆಯನ್ನೋ ಕೆರೆಯ ಗುರುತನ್ನೋ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಒಂದು ಹೆಸರನ್ನು ಬಿಡಿಸುವ ಕೀಲಿ ಪಕ್ಕದ ಹತ್ತು ಹೆಸರನ್ನೂ ಬಿಡಿಸಬೇಕು. ಪಂಡಿತನ ಕ್ಯುನ್-ಕ್ಯೋಲ್ ಕೀಲಿ ಪಕ್ಕದ ಹೆಬ್ಬೂರಿನ ಬಾಗಿಲನ್ನೂ ತೆರೆಯುವುದಿಲ್ಲ.

ಇದೇ ಕೋಲುಗಳಿಂದ ತುಮಕೂರನ್ನು ಅಳೆದರೆ ಫಲಿತಾಂಶ ಅಷ್ಟು ಹಿತವಾಗಿರುವುದಿಲ್ಲ. ತುಂಬೆ ಹೂವಿನಿಂದ ತುಮಕೂರು ಎನ್ನುವವರಿದ್ದಾರೆ. ತಮಟೆಯಂಥ ಒಂದು ವಾದ್ಯದ ಹೆಸರಿನಿಂದ ಬಂತೆನ್ನುವವರೂ ಇದ್ದಾರೆ. ತುಂಬೆ ಶಿವನಿಗೆ ಪ್ರಿಯವಾದ ಹೂವು, ಕೆಮ್ಮು ನೆಗಡಿಗೆ ಮನೆಮದ್ದು, ಎಲ್ಲ ನಿಜ. ಆದರೆ ತುಂಬೆ ಗಿಡ ಇಲ್ಲದ ಊರು ಈ ಬಯಲುಸೀಮೆಯಲ್ಲಿ ಯಾವುದಿದೆ? ಎಲ್ಲೆಡೆ ಬೆಳೆಯುವ ಕಳೆಗಿಡ ಒಂದು ಊರಿಗೆ ಮಾತ್ರ ಗುರುತಾಗುವುದು ಕಷ್ಟ. ಅದಕ್ಕಿಂತ ದೊಡ್ಡ ತೊಡಕು ನಡುವಿನ ‘ಕ’. ತುಂಬೆ ಮತ್ತು ಊರು ಕೂಡಿದರೆ ತುಂಬೆಯೂರು ಆಗಬೇಕು, ತುಂಬೂರು ಆಗಬಹುದು. ‘ಕ’ ಎಲ್ಲಿಂದ ಬಂತು? ವಾದ್ಯದ ವಿವರಣೆಯಲ್ಲಿ ‘ಕ’ಕ್ಕೆ ದಾರಿಯಿದೆ, ಆದರೆ ಅದಕ್ಕೂ ಹಳೆಯ ಶಾಸನದ ಆಧಾರ ಬೇಕು. ಗಿಡಮರಗಳನ್ನೇ ಹುಡುಕುವುದಾದರೆ, ಬೀಡಿ ಎಲೆಯ ಮರಕ್ಕೆ ತೆಲುಗಿನಲ್ಲಿ ‘ತುಮಿಕಿ’ ಎಂಬ ಹೆಸರಿದೆ. ತೆಲುಗು ಗಡಿಗೆ ಹತ್ತಿರವಿರುವ, ದೇವರಾಯನದುರ್ಗದ ಕಾಡಿನ ಬುಡದಲ್ಲಿರುವ ಊರಿಗೆ ಇದನ್ನೂ ಒಂದು ಊಹೆಯಾಗಿ ಪರಿಶೀಲಿಸಬಹುದು. ಊಹೆ ಎಂದು ಕರೆದೇ ಪರಿಶೀಲಿಸಬೇಕು, ಅಷ್ಟೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಮೊದಲಾದ ಹನ್ನೊಂದು ನಗರಗಳ ಜೊತೆಗೆ ತುಮಕೂರಿನ ಇಂಗ್ಲಿಷ್ ಬರಹವೂ ಬದಲಾಯಿತು. ಬ್ರಿಟಿಷರ ಬಾಯಲ್ಲಿ ‘ಟುಮ್ಕೂರ್’ ಆಗಿದ್ದದ್ದು ಫಲಕಗಳ ಮೇಲೆ ಮತ್ತೆ ತುಮಕೂರಾಯಿತು. ಉಚ್ಚಾರ ಮರಳಿ ಬಂತು. ಅರ್ಥ ಇನ್ನೂ ಬಂದಿಲ್ಲ.

ಗೂಳೂರಿನ ಬಳಿ ದಾರಿಯಿಂದ ಸ್ವಲ್ಪ ಒಳಕ್ಕೆ ಕೈದಾಳವಿದೆ. ಇದನ್ನು ನೋಡದೆ ಹೋಗಬಾರದು. ಬೇಲೂರಿನಲ್ಲಿ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಎಳೆಯ ಶಿಲ್ಪಿಯೊಬ್ಬ ತೋರಿಸಿದ್ದು, ಕಲ್ಲೊಳಗಿಂದ ಕಪ್ಪೆ ಹೊರಬಂದದ್ದು, ಮಾತಿಗೆ ತಪ್ಪದ ಜಕಣಾಚಾರಿ ಬಲಗೈ ಕಡಿದುಕೊಂಡದ್ದು, ಆ ಹುಡುಗ ಮಗ ಡಂಕಣನೇ ಎಂದು ತಿಳಿದದ್ದು, ಹುಟ್ಟೂರು ಕ್ರೀಡಾಪುರಕ್ಕೆ ಬಂದು ಕೇಶವನ ಗುಡಿ ಕಟ್ಟಿದ ಮೇಲೆ ಕೈ ಮರಳಿ ಬಂದದ್ದು, ಹಾಗಾಗಿ ಊರು ‘ಕೈದಾಳ’ವಾದದ್ದು ಶಾಲೆಯ ಮಕ್ಕಳಿಗೂ ಗೊತ್ತಿರುವ ಕತೆ. ಇಲ್ಲಿನ ಚೆನ್ನಕೇಶವ ದೇವಾಲಯವನ್ನು ಸುಮಾರು 1150ರಲ್ಲಿ ಕಟ್ಟಿಸಿದವನು ಬಾಚಿ ಎಂಬ ಹೊಯ್ಸಳರ ಸಾಮಂತ. ಬೇಲೂರಿನ ಗುಡಿ 1117ರದು. ನಡುವೆ 33 ವರ್ಷ. ಒಬ್ಬ ಶಿಲ್ಪಿಯ ಬಾಳಿನೊಳಗೆ ಹಿಡಿಯುವ ಅಂತರವೇ. ಬೇಲೂರಿನಲ್ಲಿ ತಮ್ಮ ಹೆಸರು ಕೊರೆದುಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ತಂದೆ-ಮಕ್ಕಳ ಜೋಡಿ ಇದೆ. ಆದರೆ ಕಡಿದ ಕೈಯ ಮಾತು ಕಲ್ಲಿನಲ್ಲಿಲ್ಲ, ಜನರ ಬಾಯಲ್ಲಿದೆ. ಕತೆಯನ್ನು ಕತೆಯಾಗಿ ಕಾಪಾಡಿಕೊಳ್ಳಲು ಇಲ್ಲಿ ಯಾವ ಅಡ್ಡಿಯೂ ಇಲ್ಲ. ತುರ್ಕಿ ಸಿದ್ಧಾಂತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಕೈದಾಳದ ಕತೆ ಯಾರ ಊರನ್ನೂ ಕಿತ್ತುಕೊಳ್ಳುವುದಿಲ್ಲ.

ಹೆಸರಿನ ವ್ಯುತ್ಪತ್ತಿ ಊರು ಕಿತ್ತುಕೊಂಡದ್ದೂ ಉಂಟು. ತುರ್ಕಿಯ ಆಗ್ನೇಯದಲ್ಲಿ ದಿಯಾರ್‌ಬೆಕಿರ್ ಎಂಬ ಪುರಾತನ ನಗರವಿದೆ. ಬಕ್ರ್ ಎಂಬ ಅರಬ್ ಕುಲದವರ ನಾಡು ಎಂದು ಆ ಹೆಸರಿಗೆ ಅರ್ಥ. 1937ರಲ್ಲಿ ಅದನ್ನು ದಿಯಾರ್‌ಬಕಿರ್ ಎಂದು ತಿದ್ದಲಾಯಿತು. ಬದಲಾದದ್ದು ಒಂದು ಸ್ವರದಷ್ಟು. ಆದರೆ ತುರ್ಕಿಯಲ್ಲಿ ಅದೇ ಬಗೆಯ ಪದಕ್ಕೆ ತಾಮ್ರ ಎಂಬ ಅರ್ಥ. ಅರಬ್ ಕುಲದ ನಾಡು ಒಂದೇ ದಿನದಲ್ಲಿ ತಾಮ್ರದ ನಾಡಾಯಿತು. ಮುಂದೆ ಅರ್ಮೇನಿಯನ್, ಗ್ರೀಕ್, ಕುರ್ದಿಶ್ ಹೆಸರಿದ್ದ ಸಾವಿರಾರು ಹಳ್ಳಿಗಳ ಫಲಕಗಳು ಬದಲಾದವು. ಅಲ್ಲಿ ಹುಟ್ಟಿ ಬೆಳೆದ ಮುದುಕರಿಗೆ ತಮ್ಮ ಊರು ನಕ್ಷೆಯಲ್ಲಿ ಸಿಗದೆ ಹೋಯಿತು.

ಹೀಗೆಂದು ಪ್ರಾಚೀನ ಹೆಸರುಗಳಲ್ಲಿ ತುರ್ಕಿ ಮೂಲ ಹುಡುಕುವುದೆಲ್ಲ ಹುಚ್ಚಾಟವೆಂದು ತಳ್ಳಿಹಾಕುವಂತಿಲ್ಲ. ಕ್ರಿ.ಪೂ. 174ರಲ್ಲಿ ತೀರಿಕೊಂಡ, ಚೀನಾದ ಉತ್ತರದ ಶಿಯೊಂಗ್ನು ಬುಡಕಟ್ಟುಗಳ ದೊರೆಯ ಹೆಸರನ್ನು ಚೀನೀಯರು ‘ಮಾವೊದುನ್’ ಎಂದು ಓದಲಾಗುವ ಎರಡು ಅಕ್ಷರಗಳಲ್ಲಿ ಬರೆದಿಟ್ಟಿದ್ದಾರೆ. ಆ ಅಕ್ಷರಗಳ ಹಳೆಯ ಉಚ್ಚಾರವನ್ನು ಲೆಕ್ಕಹಾಕಿ, ಅದು ‘ಬಗಾತುರ್’, ಅಂದರೆ ವೀರ ಎಂಬ ಪದವಿರಬೇಕೆಂದು ಫ್ರೆಡ್ರಿಕ್ ಹರ್ಟ್ ಎಂಬ ವಿದ್ವಾಂಸರು ಸೂಚಿಸಿದರು. ಎಲ್ಲರೂ ಒಪ್ಪಿಲ್ಲ, ಆದರೂ ಗಂಭೀರವಾಗಿ ಚರ್ಚಿಸಬಹುದಾದ ಊಹೆ. ಜನ, ಜಾಗ, ಕಾಲ ಮೂರೂ ಹತ್ತಿರ ಬರುತ್ತವೆ. ಪಾರಸಿಕ ದೊರೆ ಸೈರಸ್‌ನನ್ನು ಕ್ರಿ.ಪೂ. 530ರಲ್ಲಿ ಸೋಲಿಸಿದಳೆಂದು ಹೆರೊಡೋಟಸ್ ಬರೆದ ರಾಣಿ ತೊಮಿರಿಸ್‌ಳ ಹೆಸರನ್ನು ಕಬ್ಬಿಣ ಎಂಬರ್ಥದ ತುರ್ಕಿ ‘ತೆಮಿರ್’ನಿಂದ ಬಿಡಿಸುವುದು ಮಾತ್ರ ದುರ್ಬಲ. ಆಕೆಯ ಮಸ್ಸಾಗೆಟೇ ಜನ ಇರಾನೀ ಭಾಷೆಯವರೆಂಬುದೇ ಬಹುಮಂದಿ ವಿದ್ವಾಂಸರ ಅಭಿಪ್ರಾಯ.

ಆ ‘ಬಗಾತುರ್’ ಪದ ನಮಗೆ ಅಪರಿಚಿತವೇನಲ್ಲ. ಪರ್ಷಿಯನ್ನಿನ ಮೂಲಕ ‘ಬಹಾದುರ್’ ಆಗಿ, ಹೈದರ್ ಅಲಿ ಖಾನ್ ಬಹದ್ದೂರನ ಬಿರುದಾಗಿ, ಈಗ ‘ಭಲೇ ಬಹದ್ದೂರ್’ ಎಂದು ಬೆನ್ನು ತಟ್ಟುವ ಮಾತಾಗಿ ನಮ್ಮಲ್ಲೇ ಇದೆ. ‘ಖಾನ್’ ಕೂಡ ಅದೇ ಹುಲ್ಲುಗಾವಲಿನದು. ದಂಡಿನ ಬೀಡು ಎಂಬರ್ಥದ ‘ಓರ್ದು’ವಿನಿಂದ ಉರ್ದು ಬಂತು. ಇದಕ್ಕಿಂತ ಸೊಗಸಾದದ್ದು ‘ಚಕಮಕಿ’. ಬೆಂಕಿಪೆಟ್ಟಿಗೆ ಇಲ್ಲದ ಕಾಲದಲ್ಲಿ ಕಿಡಿ ಹೊತ್ತಿಸುತ್ತಿದ್ದ ಚಕಮಕಿ ಕಲ್ಲು, ಇವತ್ತು ಸದನದಲ್ಲಿ ನಡೆಯುವ ಮಾತಿನ ಚಕಮಕಿ, ಎರಡೂ ತುರ್ಕಿಯ ‘ಚಕ್ಮಕ್’, ಅಂದರೆ ತಟ್ಟಿ ಕಿಡಿ ಹಾರಿಸು ಎಂಬ ಕ್ರಿಯಾಪದದಿಂದ ಬಂದವು. ಇವು ಬಂದ ದಾರಿಗಳಲ್ಲೊಂದು ಇದೇ ಜಿಲ್ಲೆಯಲ್ಲಿದೆ: 1687ರಲ್ಲಿ ಮೊಗಲರು ತಮ್ಮ ಕರ್ನಾಟಕ ಸುಬಾದ ಕೇಂದ್ರವನ್ನು ಮಾಡಿಕೊಂಡದ್ದು ಶಿರಾದಲ್ಲಿ. ನಿಜವಾದ ಎರವಲು ಹೀಗಿರುತ್ತದೆ. ತಂದವರ ಗುರುತು, ಬಂದ ಕಾಲ, ಜೊತೆಗೆ ಬಂದ ವಸ್ತು ಎಲ್ಲವೂ ಸಿಗುತ್ತದೆ.

ಇಲ್ಲೂ ಎಚ್ಚರ ಬೇಕು. ಫಿರಂಗಿ ಎಂಬರ್ಥದ ‘ತೋಪು’ ತುರ್ಕಿಯಿಂದ ಬಂದದ್ದು. ಗುಬ್ಬಿಯ ದಾರಿಯುದ್ದಕ್ಕೂ ಕಾಣುವ ತೆಂಗಿನ ತೋಪು ಅಚ್ಚ ದ್ರಾವಿಡ. ಶಬ್ದ ಒಂದೇ, ವಂಶ ಬೇರೆ. ಹಾಗೆಯೇ ‘ಕೂಲಿ’. ತುರ್ಕಿಯಲ್ಲಿ ‘ಕುಲ್’ ಎಂದರೆ ದಾಸ. ಗೋಲ್ಕೊಂಡದ ಕುಲಿ ಕುತುಬ್ ಷಾ ಹೆಸರಿನ ‘ಕುಲಿ’ ಅದೇ. ಇಂಗ್ಲಿಷ್ ನಿಘಂಟುಕಾರರು ‘ಕೂಲಿ’ ಪದಕ್ಕೆ ಇದನ್ನೂ ಒಂದು ಮೂಲವಾಗಿ ಯೋಚಿಸಿದ್ದುಂಟು. ಆದರೆ ಕನ್ನಡ ತಮಿಳುಗಳಲ್ಲಿ ಕೂಲಿ ಎಂದರೆ ಮೊದಲಿಗೆ ಆಳಲ್ಲ, ಆಳಿಗೆ ಕೊಡುವ ಸಂಬಳ. ದಾಸನಿಗೆ ಸಂಬಳವೆಲ್ಲಿಂದ ಬರಬೇಕು?

ಕನ್ನಡವೂ ತುರ್ಕಿಯೂ ಒಂದೇ ಕುಟುಂಬ ಎಂದು ನಂಬಿದ ಘನ ವಿದ್ವಾಂಸರೂ ಇದ್ದರು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಬರೆದ ಬಿಷಪ್ ಕಾಲ್ಡ್‌ವೆಲ್, ಈ ಭಾಷೆಗಳನ್ನು ತುರ್ಕಿ, ಫಿನ್ನಿಶ್‌ಗಳ ಜೊತೆಗೆ ‘ಸಿಥಿಯನ್’ ಗುಂಪಿಗೆ ಸೇರಿಸಲು ಒಲವು ತೋರಿದ್ದರು. ಕಾರಣ ಬಲವಾಗಿಯೇ ಕಾಣುತ್ತದೆ. ತುರ್ಕಿಯಲ್ಲಿ ‘ಎವ್’ ಎಂದರೆ ಮನೆ, ‘ಎವ್-ಲೆರ್’ ಮನೆಗಳು, ‘ಎವ್-ಲೆರ್-ದೆನ್’ ಮನೆಗಳಿಂದ. ಪ್ರತ್ಯಯದ ಹಿಂದೆ ಪ್ರತ್ಯಯ, ರೈಲುಡಬ್ಬಿಯ ಹಾಗೆ, ಕ್ರಿಯಾಪದ ಕೊನೆಗೆ. ಕನ್ನಡಿಗನಿಗೆ ತುರ್ಕಿ ವಾಕ್ಯ ಎಷ್ಟು ಸಲೀಸೋ ಇಂಗ್ಲಿಷ್ ಅಷ್ಟು ಸಲೀಸಲ್ಲ. ಆದರೆ ಒಂದೇ ನಕ್ಷೆಯಲ್ಲಿ ಕಟ್ಟಿದ ಎರಡು ಮನೆಗಳ ಒಡೆಯರು ಅಣ್ಣತಮ್ಮಂದಿರಾಗಬೇಕಿಲ್ಲ. ಪದಗಳ ನಡುವೆ ನಿಯಮಬದ್ಧ ಸಂಬಂಧ ಸಿಗದ ಕಾರಣ ಆ ವಾದ ನಿಲ್ಲಲಿಲ್ಲ.

ಕನ್ನಡದ ಕಡೆಯಿಂದಲೂ ಇಂಥ ದಂಡಯಾತ್ರೆಗಳು ನಡೆದಿವೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಹೇಳಿದಾಗ ನಮ್ಮವರಿಗೆ ಆದ ಸಂಭ್ರಮ ಸಣ್ಣದಲ್ಲ. ಗೋವಿಂದ ಪೈಗಳಂಥವರೂ ಅದರ ಬೆನ್ನು ಹತ್ತಿದರು, ಅಲ್ಲ ಅದು ತುಳು ಎಂದು ಬೇರೆಯವರು ವಾದಿಸಿದರು. ಒಂದೇ ಅಕ್ಷರಸಾಲು ಎರಡು ಭಾಷೆಯಾಗಿ ಓದಲು ಬಂದರೆ ಎರಡನ್ನೂ ಅನುಮಾನಿಸಬೇಕಾಗುತ್ತದೆ. ಶಂ. ಬಾ. ಜೋಶಿಯವರು 1933ರ ‘ಕಣ್ಮರೆಯಾದ ಕನ್ನಡ’ದಲ್ಲಿ ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಹೆಜ್ಜೆಗಳನ್ನು ಹುಡುಕಿದ್ದು ಮಾತ್ರ ಬೇರೆ ಜಾತಿಯ ಕೆಲಸ. ಅಲ್ಲಿ ನೆರೆಯ ನಾಡಿದೆ, ರಾಷ್ಟ್ರಕೂಟರ ಇತಿಹಾಸವಿದೆ, ಕನ್ನಡ ಶಾಸನಗಳಿವೆ. ಎಲ್ಲವನ್ನೂ ಒಪ್ಪದವರು ಕೂಡ ಅದನ್ನು ನಗೆಯಾಡಿ ಬಿಡಲಾರರು.

ಇಷ್ಟೆಲ್ಲ ಸುತ್ತಿ ಬಂದರೆ ಗುಬ್ಬಿಯಲ್ಲಿ ಬಸ್ಸು ನಿಲ್ಲುತ್ತದೆ. ದೇವಾಲಯದಲ್ಲಿ ಪುರಾಣ ನಡೆಯುವಾಗ ದಿನವೂ ಬಂದು ಕುಳಿತು ಕೇಳುತ್ತಿದ್ದ ಗುಬ್ಬಿಗಳು ಪುರಾಣ ಮುಗಿದ ದಿನವೇ ಪ್ರಾಣ ಬಿಟ್ಟವು, ಅದರಿಂದ ಊರಿಗೆ ಗುಬ್ಬಿ ಎಂದು ಹೆಸರಾಯಿತು ಎಂಬ ಕತೆಯನ್ನು ಇಲ್ಲಿನವರು ಹೇಳುತ್ತಾರೆ. ಹೆಸರು ಮೊದಲೋ ಗುಬ್ಬಿಗಳು ಮೊದಲೋ ಎಂದು ಪಟ್ಟು ಹಿಡಿಯಬೇಕಾದ ಜಾಗ ಇದಲ್ಲ. ಭಾವಚಿಂತಾರತ್ನವನ್ನು 1513ರಲ್ಲಿ ಬರೆದ ಕವಿ ಗುಬ್ಬಿಯ ಮಲ್ಲಣಾರ್ಯ. ಅಂದರೆ ಮೊಗಲರು ಶಿರಾಕ್ಕೆ ಬರುವ ನೂರೆಪ್ಪತ್ತು ವರ್ಷಕ್ಕೂ ಮೊದಲೇ ಗುಬ್ಬಿ ಗುಬ್ಬಿಯಾಗಿತ್ತು. ಮಂಗೋಲಿಯನ್ನರ ಗೋಬಿ ಎಂದರೆ ಜಲ್ಲಿ ಹರಡಿದ ಬರಡು ಬಯಲು. ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ತೆಂಗು, ಅಡಿಕೆ.

1884ರಲ್ಲಿ ಇಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ವೀರಣ್ಣನವರ ಕೈಯಲ್ಲಿ ಊರೂರು ಸುತ್ತಿದಾಗ ಜನ ಅದನ್ನು ಉದ್ದನೆಯ ಹೆಸರಿನಿಂದ ಕರೆಯಲಿಲ್ಲ, ಗುಬ್ಬಿ ಕಂಪನಿ ಎಂದರು. ಗುಬ್ಬಿಯನ್ನು ಕಂಡೇ ಇರದವರೂ ಡೇರೆಯ ಮುಂದೆ ಟಿಕೆಟ್ಟಿಗೆ ಸಾಲುನಿಂತು ಆ ಹೆಸರು ಹೇಳಿದರು. ಹೆಸರಿನ ಅರ್ಥವೇನೆಂದು ಅವರಲ್ಲಿ ಯಾರೂ ಕೇಳಿರಲಾರರು.